ವಿಷ ತುಂಬುವ ತನಕ

ತಮ್ಮನು ಮುದ್ರಣಾಲಯವೊಂದರಲ್ಲಿ ಯಂತ್ರ ನಡೆಸುತ್ತಿದ್ದವನು. ಕಾಗದದ ದೊಡ್ಡ ಉರುಳೆಯೊಂದು ಜಾರಿ ಅವನ ಎಡಗಾಲನ್ನು ಜಜ್ಜಿತು. ಮೂಳೆ ಕೂಡಿಕೊಂಡಿತು, ನರ ಸರಿಹೋಗಲಿಲ್ಲ. ಹೊದಿಕೆಯ ಅಂಚು ತಾಗಿದರೂ ಕೆಂಡ ಇಟ್ಟಂತೆ ಉರಿ. ಮಾತ್ರೆಗಳು ಮಂಪರು ತರಿಸಿದವೇ ಹೊರತು ಉರಿಯ ಹತ್ತಿರ ಸುಳಿಯಲಿಲ್ಲ. ಕೆಲಸ ಬಿಟ್ಟು ಅಕ್ಕನ ಮನೆ ಸೇರಿದ.

ಅಕ್ಕ ಸಂಶೋಧಕಿ. ನೂರು ಕಾಲಿನ ಜರಿಹುಳಗಳ ವಿಷ ತೆಗೆದು, ಅದರಲ್ಲಿ ಏನೇನಿದೆ ಎಂದು ಬಿಡಿಸಿ ನೋಡುವುದು ಅವಳ ಕೆಲಸ. ಒಂದು ದಿನ ಊಟಕ್ಕೆ ಕೂತಾಗ ಬಾಯಿ ತಪ್ಪಿ ಹೇಳಿಬಿಟ್ಟಳು: ಆ ವಿಷದ ಒಂದು ಅಂಶ ಇಲಿಗಳ ನೋವನ್ನು ಅಡಗಿಸುತ್ತಿದೆ.

"ಹಂಗಾದ್ರೆ ನಂಗೂ ಆಗುತ್ತೆ."

"ಇಲಿಗೆ ಆಗಿದ್ದೆಲ್ಲ ಮನುಷ್ಯರಿಗೆ ಆಗಲ್ಲ ಕಣೋ."

"ನಾನೇನು ಇಲಿಗಿಂತ ಕಡೆನಾ ಅಕ್ಕ?" ಎಂದು ನಕ್ಕ. ಅವನ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಅವಳು ಮುಂದೆ ವಾದ ಮಾಡಲಿಲ್ಲ.

ಊರುಗೋಲು ಹಿಡಿದು ಪ್ರಯೋಗಾಲಯಕ್ಕೂ ಬಂದ. ಅವಳು ಚಿಮಟದಲ್ಲಿ ಜರಿಯೊಂದನ್ನು ಹಿಡಿದು ತೋರಿಸಿದಳು.

"ಇದು ಹಲ್ಲಲ್ಲ. ಮೊದಲನೇ ಜೋಡಿ ಕಾಲೇ ಕೊಕ್ಕೆ ಆಗಿದೆ. ವಿಷದ ಗ್ರಂಥಿ ಅದರೊಳಗೇ ಇರುತ್ತೆ. ಗ್ರಂಥಿಯೊಳಗೆಲ್ಲ ಪುಟ್ಟ ಪುಟ್ಟ ಚೀಲಗಳು. ಸುತ್ತಲಿನ ಸ್ನಾಯು ಹಿಂಡಿದ್ರೆ ಎಲ್ಲ ಚೀಲದ ವಿಷವೂ ಒಂದೇ ನಾಳಕ್ಕಿಳಿದು, ಕೊಕ್ಕೆ ತುದಿಯ ತೂತಿಂದ ಆಚೆ ಬರುತ್ತೆ."

ಕೊಕ್ಕೆಯ ಬುಡಕ್ಕೆ ಸಣ್ಣಗೆ ವಿದ್ಯುತ್ ತಾಗಿಸಿದಳು. ಗಾಜಿನ ಕೊಳವೆಯಲ್ಲಿ ಕಂಡೂ ಕಾಣದಷ್ಟು ಹನಿ ನಿಂತಿತು.

"ಇಷ್ಟೇನಾ?"

"ಇಷ್ಟೇ. ಮತ್ತೆ ಪೂರ್ತಿ ತುಂಬೋಕೆ ವಾರಗಟ್ಟಲೆ ಬೇಕು."

"ತುಂಬಲಿ ಬಿಡು. ನಂಗೇನು ರೈಲು ತಪ್ಪುತ್ತಾ?"

ಆಮೇಲೆ ಅವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ, "ತುಂಬ್ತಾ ಅಕ್ಕ?"

ಆ ಅಂಶವನ್ನು ಶುದ್ಧವಾಗಿ ತಯಾರಿಸಿ ಮತ್ತೆ ಇಲಿಗಳಿಗೆ ಕೊಟ್ಟು ನೋಡಿದರು. ಏನೂ ಆಗಲಿಲ್ಲ. ಮೊದಲು ಕಂಡದ್ದೇ ತಪ್ಪು ಎಂದು ಖಚಿತವಾಯಿತು. ಕೆಲಸ ನಿಲ್ಲಿಸುವಂತೆ ಮೇಲಿನವರು ಹೇಳಿದರು. ಅವಳು ತಮ್ಮನಿಂದ ಮುಚ್ಚಿಡಲಿಲ್ಲ. ಅವನು ಕೇಳಿಸಿಕೊಂಡು, ಊರುಗೋಲು ಹಿಡಿದು ತನ್ನ ಕೋಣೆಗೆ ಹೋದ.

ಮರುದಿನ, ಜರಿಗಳನ್ನು ಕೊನೇ ಸಲ ನೋಡಬೇಕೆಂದು ಅವಳ ಜೊತೆಗೇ ಹೊರಟ. ಅವಳು ಪಕ್ಕದ ಕೋಣೆಗೆ ಹೋದದ್ದೇ ತಡ, ಜರಿಯಿದ್ದ ಪೆಟ್ಟಿಗೆಯೊಂದರ ಮುಚ್ಚಳ ತೆಗೆದು ಎಡಗಾಲನ್ನು ಒಳಗಿಟ್ಟ. ಚೀರಾಟ ಕೇಳಿ ಅವಳು ಓಡಿಬಂದಾಗ ಜರಿ ಅವನ ಹಿಮ್ಮಡಿಗೆ ಕಚ್ಚಿಕೊಂಡಿತ್ತು. ಕಿತ್ತು ತೆಗೆದಳು.

"ಯಾಕೋ ಹಿಂಗ್ ಮಾಡ್ಕೊಂಡೆ?"

"ಶುದ್ಧ ಮಾಡಿದ್ದು ತಾನೇ ಸೋತಿದ್ದು?" ಎಂದ ಹಲ್ಲು ಕಚ್ಚಿ. "ಹಸೀದು ಯಾರೂ ನೋಡಿಲ್ವಲ್ಲ."

ಆಸ್ಪತ್ರೆಯಲ್ಲಿ ಕಾಲು ಕುಂಬಳಕಾಯಿಯಂತೆ ಊದಿಕೊಂಡಿತು. ಬಾವು ಕ್ರಮೇಣ ಇಳಿಯಿತು. ಉರಿ ಮಾತ್ರ ಮೊಣಕಾಲು ದಾಟಿ ತೊಡೆಗೇರಿತು. ಕಡಿತದಿಂದಲೋ, ಹಳೆಯ ನರದಿಂದಲೋ, ವೈದ್ಯರಿಗೂ ಹೇಳಲಾಗಲಿಲ್ಲ.

ಕೆಲಸ ನಿಂತ ಮೇಲೆ ಜರಿಗಳನ್ನು ಶೀತಪೆಟ್ಟಿಗೆಗೆ ಹಾಕಿ ಕೊಂದರು. ಅದನ್ನು ಮಾಡಿದವಳು ಅಕ್ಕನೇ. ಅವಳು ಮನೆಗೆ ಬಂದಾಗ, ಆಸ್ಪತ್ರೆಯಿಂದ ಮರಳಿದ್ದ ತಮ್ಮನು ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಚಪ್ಪಲಿ ಬಿಟ್ಟು ಅವನ ಪಕ್ಕ ಕುಳಿತಳು.

"ಬೇರೆ ಯಾವ ಹುಳದ್ದೂ ಇಲ್ವಾ ಅಕ್ಕ?"

"ಇಲ್ಲ ಕಣೋ."

ಫ್ಯಾನಿನ ಗಾಳಿ ತೊಡೆಗೆ ತಾಗಿ ಅವನು ಮುಲುಗಿದ. ಅವಳು ಎದ್ದು ಫ್ಯಾನು ಆರಿಸಿದಳು. ಸೆಕೆಯಲ್ಲಿ ಇಬ್ಬರೂ ಹಾಗೇ ಇದ್ದರು.