ಎಲ್ಲ ಪುಸ್ತಕಗಳ ಕೈ

ನಾನು ಒಂದು ಕೈ. ಮೈಯಿಲ್ಲದ ಕೈ. ಮಣಿಕಟ್ಟಿನ ಹತ್ತಿರ ಒಂದು ಗೆರೆ ಎಳೆದಿದ್ದಾರೆ, ಅಲ್ಲಿಗೆ ನಾನು ಮುಗಿದೆ. ಅದರಾಚೆ ಬರೀ ಬಿಳಿ ಕಾಗದ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮಿಕ್ಸರ್, ಪಂಪು, ಮನೆ ಗಿರಣಿ ಮಾಡುವ ಒಂದು ಕಾರ್ಖಾನೆಯಲ್ಲಿ ಹುಟ್ಟಿದ ಕೈ ನಾನು. ಅಲ್ಲಿ ಕೈಪಿಡಿ ಬರೆಯುತ್ತಿದ್ದ ಇಂದುಮತಿ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟಳು. ಚಿತ್ರಕಾರ ಪ್ರಹ್ಲಾದ ನೋಡಿ ನೋಡಿ ನನ್ನನ್ನು ಬರೆದ. ಅವಳ ತೋರುಬೆರಳು ತುದಿಯಲ್ಲಿ ತುಸು ಸೊಟ್ಟ. ಪುಣ್ಯಾತ್ಮ ಅದನ್ನೂ ಬಿಡಲಿಲ್ಲ!

ಒಮ್ಮೆ ಬರೆದದ್ದನ್ನು ಮತ್ತೆ ಬರೆಯಬಾರದು ಎಂಬುದು ಇಂದುಮತಿಯ ನೇಮ. ರುಬ್ಬಿದ ಹಿಟ್ಟು ಒಂದೇ, ಇವತ್ತು ಇಡ್ಲಿ, ನಾಳೆ ದೋಸೆ. ನನ್ನನ್ನೂ ನನ್ನ ಕೆಳಗಿನ ಸಾಲುಗಳನ್ನೂ ಕಂಪ್ಯೂಟರಿನಲ್ಲಿ ಒಂದೇ ಕಡೆ ಕೂಡಿಟ್ಟು, ಯಾವ ಪುಸ್ತಕಕ್ಕೆ ಯಾವುದು ಬೇಕೋ ಅದನ್ನು ತೆಗೆದು ಹಾಕುತ್ತಿದ್ದಳು. ಮನೆಯವರ ಪುಸ್ತಕದಲ್ಲಿ "ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ." ರಿಪೇರಿಯವರ ಪುಸ್ತಕದಲ್ಲಿ "ಯಂತ್ರ ತಿರುಗುತ್ತಿರುವಾಗ ಮುಚ್ಚಳ ತೆಗೆದು ಸದ್ದು ಪರೀಕ್ಷಿಸಿ." ಎರಡರ ಮೇಲೂ ನಾನೇ.

ಒಂದೇ ಹೊತ್ತಿಗೆ ನಾನು ಸಾವಿರ ಮನೆಗಳಲ್ಲಿರುತ್ತೇನೆ. ಗದಗಿನಲ್ಲಿ ನನ್ನ ಮೇಲೆ ಅರಿಶಿನ ಚೆಲ್ಲಿದಾಗಲೇ ಬಳ್ಳಾರಿಯಲ್ಲಿ ಇರುವೆ ಹರಿಯುತ್ತಿರುತ್ತದೆ. ಯಾರೋ ಪುಟ ತೆರೆಯುತ್ತಾರೆ. ನಾನು ಅಲುಗುವುದಿಲ್ಲ, ಅವರ ಕೈ ಅಲುಗುತ್ತದೆ. ನಾನು ಒತ್ತಿದಲ್ಲಿ ಒತ್ತುತ್ತದೆ, ಎತ್ತಿದ್ದನ್ನು ಎತ್ತುತ್ತದೆ. ಮೊದಮೊದಲು ಹೆಮ್ಮೆಯಾಗುತ್ತಿತ್ತು. ಆಮೇಲೆ ಹೆದರಿಕೆಯಾಗತೊಡಗಿತು.

ದೀಪಾವಳಿಯ ಗಡಿಬಿಡಿ. ಇಂದುಮತಿ ರಜೆಯ ಮೇಲಿದ್ದಳು. ಮನೆ ಗಿರಣಿಯ ಪುಸ್ತಕವನ್ನು ಪ್ರಹ್ಲಾದನೇ ಜೋಡಿಸಿದ. ಚಿತ್ರ ಒಂದೇ ಇದೆಯಲ್ಲ ಎಂದು ಪ್ಲಗ್ ಕೀಳುವ ಸಾಲಿನ ಜಾಗಕ್ಕೆ ರಿಪೇರಿಯವರ ಸಾಲನ್ನು ತಂದಿಟ್ಟ. ಅದರ ಕೆಳಗೆ ಮನೆಯವರ ಸಾಲು ಮೊದಲೇ ಇತ್ತು: "ಒಳಗೆ ಸಿಕ್ಕಿಕೊಂಡ ಹಿಟ್ಟನ್ನು ಕೈಯಿಂದ ತೆಗೆಯಿರಿ." ಸಾಲುಗಳೆರಡೂ ಸರಿ, ಜೋಡಿ ಮಾತ್ರ ಯಮನದು.

ಪುಸ್ತಕಗಳು ಗಿರಣಿಗಳ ಜೊತೆ ಊರೂರಿಗೆ ಹೋದವು. ರಜೆ ಮುಗಿಸಿ ಬಂದು ಪುಟ ನೋಡಿದ ಇಂದುಮತಿ ಅದನ್ನು ಹಿಡಿದು ಕಾರ್ಖಾನೆಯ ಸಾಹೇಬರ ಕೋಣೆಗೆ ಓಡಿದಳು.

"ಅದನ್ನ ಯಾರ್ ಓದ್ತಾರ್ರೀ ಮೇಡಂ? ಡಬ್ಬಿ ಬಿಚ್ಚಿದ ಕೂಡ್ಲೆ ಕಸದಾಗ ಒಗೀತಾರ," ಎಂದರು ಸಾಹೇಬರು.

ಈ ಮಾತು ಯಾವಾಗಲೂ ಅವಳ ಹೊಟ್ಟೆ ಉರಿಸುತ್ತಿತ್ತು. ಅಂದು ಮಾತ್ರ ಅದೇ ನಿಜವಾಗಲಿ ಎಂದು ಬೇಡಿಕೊಂಡಳು. ಆದರೆ ಅವಳು ಬರೆದದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ ಓದುವ ಜೀವ ಒಂದಿತ್ತು. ಅವಳನ್ನು ಸಾಕಿದ ದೊಡ್ಡವ್ವ, ನವಲಗುಂದದ ಚಂಪವ್ವ. ರಜೆಯಲ್ಲಿದ್ದಾಗಲೇ ಕಾರ್ಖಾನೆಗೆ ಹೇಳಿ ಹಬ್ಬಕ್ಕೆಂದು ಗಿರಣಿ ಕಳಿಸಿದವಳು ಇಂದುಮತಿಯೇ.

ಅವಳು ಫೋನ್ ಹಚ್ಚಿದಾಗ ನಾನು ಚಂಪವ್ವನ ಅಡುಗೆಮನೆಯಲ್ಲಿದ್ದೆ. ಒಳಕೋಣೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು, ಗಿರಣಿಯ ಗದ್ದಲದಲ್ಲಿ ಮುದುಕಿಗೆ ಕೇಳಲಿಲ್ಲ. ಹಿಟ್ಟು ಸಿಕ್ಕಿಕೊಂಡಿತ್ತು. ಅವಳು ಮೂಗಿಗೆ ಚಾಳೀಸು ಏರಿಸಿ ಪುಟ ತೆರೆದಳು, ಸೊಟ್ಟ ಬೆರಳು ಕಂಡು ನಕ್ಕಳು.

"ನಮ್ಮ ಇಂದೂನ ಕೈ ಇದು," ಎಂದು ನನ್ನನ್ನು ಸವರಿದಳು.

ಆಮೇಲೆ ಅವಳ ಕೈ ಎದ್ದಿತು. ಒಂದು ಬೆರಳನ್ನಾದರೂ ಮಡಚೋಣ ಎಂದು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಶಾಯಿಗೆ ಮಡಚಲು ಬರುವುದಿಲ್ಲ.

ಆಸ್ಪತ್ರೆಗೆ ಇಂದುಮತಿ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಹೋದಳು. ಚಂಪವ್ವನ ಮೂರು ಬೆರಳು ಹೋಗಿದ್ದವು. ಬಟ್ಟೆ ಸುತ್ತಿದ ಕೈಯನ್ನು ಎದೆಗಿಟ್ಟುಕೊಂಡು ಮುದುಕಿ ಮೆಲ್ಲಗೆ ಕೇಳಿದಳು: "ನೀ ಬರೆದಂಗ ಮಾಡಿದ್ನೆವ್ವ. ನಂದೆಲ್ಲಿ ತಪ್ಪಿತು?"

ಇಂದುಮತಿ ಚೀಲದಿಂದ ಪುಸ್ತಕ ತೆಗೆದು ಆ ಪುಟ ಹರಿದಳು.

ಕಂಪ್ಯೂಟರಿನಿಂದ ನನ್ನನ್ನು ಅಳಿಸಿದರು. ಮಾರಿಹೋದ ಪುಸ್ತಕಗಳಿಂದ ಅಳಿಸುವವರು ಯಾರು? ಇಂದುಮತಿ ಕೆಲಸ ಬಿಟ್ಟು, ವಿಳಾಸ ಹುಡುಕಿ ಮನೆಮನೆಗೆ ಹೋಗಿ ಆ ಪುಟ ಹರಿಯುತ್ತಾಳೆ. ಹರಿದಾಗಲೆಲ್ಲ ನನಗೆ ಹಾಯೆನಿಸುತ್ತದೆ. ಎಲ್ಲ ಮನೆಗಳೂ ಅವಳಿಗೆ ಸಿಕ್ಕಿಲ್ಲ. ಇದನ್ನು ಹೇಳುತ್ತಿರುವಾಗಲೇ ಯಾವುದೋ ಊರಲ್ಲಿ ಒಂದು ಗಿರಣಿ ಕಟ್ಟಿಕೊಂಡಿದೆ. ಆ ಮನೆಯಾಕೆ ಬಹಳ ನೇಮದವಳು, ಓದದೆ ಏನನ್ನೂ ಮುಟ್ಟುವುದಿಲ್ಲ. ನನ್ನ ಪುಟ ತೆರೆದಿದ್ದಾಳೆ. ಅವಳ ಕೈ ಏಳುತ್ತಿದೆ.