ಆಷಾಢಕ್ಕೆ ಮೊದಲು ಪಣಂಬೂರಿನಲ್ಲಿ

ಮಂಗಳೂರಿನ ಆಸ್ಪತ್ರೆಯಲ್ಲಿ ದೊಡ್ಡಮ್ಮನ ಕಣ್ಣಿನ ತಪಾಸಣೆ ಬೇಗ ಮುಗಿಯಿತು. ಪೊರೆ ತೆಗೆಸಿಕೊಂಡ ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರು. ದೊಡ್ಡಮ್ಮ ಕಪ್ಪು ಕನ್ನಡಕ ಸರಿಮಾಡಿಕೊಂಡರು.

"ಬಸ್ಸಿಗೆ ಇನ್ನೂ ಹೊತ್ತಿದೆಯಲ್ಲ ಸೋಮು. ಹೊಸ ಕಣ್ಣಲ್ಲಿ ಸಮುದ್ರ ನೋಡದೆ ಮುತ್ತಿನಕೊಪ್ಪಕ್ಕೆ ವಾಪಸ್ ಹೋಗೋದಾ ಮಾರಾಯ?"

ಹೀಗೆ ನಾವು ಮೂವರು ಪಣಂಬೂರಿಗೆ ಬಂದೆವು: ದೊಡ್ಡಮ್ಮ, ನಾನು, ನನ್ನ ಹೆಂಡತಿ ಶ್ವೇತ.

ಮದುವೆಯಾಗಿ ತಿಂಗಳು ಕಳೆದಿತ್ತು. ನಾಡಿದ್ದು ಆಷಾಢ. ಹೊಸ ಸೊಸೆ ಆ ತಿಂಗಳು ತವರಿನಲ್ಲಿರಬೇಕು. ಬಾಳೆಹೊನ್ನೂರಿಗೆ ಕರೆದೊಯ್ಯಲು ನಾಳೆ ಅವಳ ಅಣ್ಣ ಬರುವವನಿದ್ದ. ಈ ಮದುವೆ ಅವಳಿಗೆ ಇಷ್ಟವಿತ್ತೇ ಎಂದು ನಾನಿನ್ನೂ ಕೇಳಿರಲಿಲ್ಲ. ಮನೆ ತುಂಬ ನೆಂಟರು, ನಮ್ಮ ಕೋಣೆಗಿದ್ದದ್ದು ಹಲಗೆಯ ಗೋಡೆ. ನಾನು ಮೊದಲೇ ಮಾತು ಕಡಿಮೆಯವನು. ಅವಳೂ "ಕಾಫಿ ತಣ್ಣಗಾಗುತ್ತೆ" ಎನ್ನುವಲ್ಲಿಗೆ ನಿಲ್ಲಿಸುತ್ತಿದ್ದಳು. ಆಮೇಲೆ ಫೋನಿನಲ್ಲಿ ಕೇಳೋಣವೆಂದರೆ ಅವಳ ತವರಿನ ಫೋನಿರುವುದು ನಡುಮನೆಯಲ್ಲಿ, ಟಿವಿ ಪಕ್ಕ. ಏನೂ ಹೇಳದೆ, ಏನೂ ಕೇಳದೆ ಅವಳು ಹೊರಟುಬಿಡುತ್ತಾಳೆ ಎಂಬ ಭಯ ನನಗೆ.

ಮಳೆ ಬಿಟ್ಟಿತ್ತು. ಕೆಂಪು ಬಾವುಟ ನೆಟ್ಟು, ಕಾವಲಿನವನೊಬ್ಬ ಸೀಟಿ ಊದುತ್ತಿದ್ದ. ತಾಡಪಾಲಿನ ಕೆಳಗೆ ಚರುಮುರಿಯವನು ಈರುಳ್ಳಿ ಹೆಚ್ಚುತ್ತಿದ್ದ. ದೂರದಲ್ಲಿ ಬಂದರಿಗಾಗಿ ಕಾಯುತ್ತಿದ್ದ ಹಡಗುಗಳು ಅಲುಗುತ್ತಲೇ ಇರಲಿಲ್ಲ.

ದೊಡ್ಡಮ್ಮ ಭದ್ರಾ ಹಿನ್ನೀರಿನಲ್ಲಿ ಬಟ್ಟೆ ಒಗೆದವರು. ಅಲ್ಲಿ ನೀರಿನಂಚಿಗೆ ಚಪ್ಪಲಿ ಬಿಟ್ಟರೆ ಸಂಜೆಯವರೆಗೂ ಅಲ್ಲೇ ಇರುತ್ತದೆ. ಇಲ್ಲಿಯೂ ಹಾಗೇ ಬಿಟ್ಟು, ಸೀರೆ ಎತ್ತಿ ಹಿಡಿದು ನಿಂತರು. ತೆರೆಯೊಂದು ಬಂದು ಎರಡನ್ನೂ ಎತ್ತಿಕೊಂಡು ಹೊರಟಿತು.

"ಏಯ್, ನನ್ನ ಚಪ್ಪಲಿ! ಇದೆಂತ ಕಳ್ಳ ನೀರು ಮಾರಾಯ!"

ನಾನು ನೋಡುತ್ತ ನಿಂತಿದ್ದೆ. ಶ್ವೇತ ಓಡಿದಳು. ಕಾವಲಿನವನ ಸೀಟಿ ಜೋರಾಯಿತು. ಮೊಣಕಾಲುದ್ದ ನೀರಿನಿಂದ ಒಂದು ಚಪ್ಪಲಿ ಹಿಡಿದು ತಿರುಗಿದಾಗ ಅವಳ ಸೀರೆಯೆಲ್ಲ ಒದ್ದೆ. ಗಟ್ಟಿಯಾಗಿ ನಗುತ್ತಿದ್ದಳು. ಆ ನಗು ನಾನು ಮೊದಲ ಸಲ ಕೇಳಿದ್ದು.

"ಒಂದೇ ಸಿಕ್ಕಿದ್ದು ದೊಡ್ಡಮ್ಮ."

"ಒಂದು ಹಾಕ್ಕೊಂಡು ಕುಂಟ್ಲಾ ನಾನು? ನಿನ್ನ ಗಂಡನ್ನ ನೋಡು, ಒಳ್ಳೆ ಅಡಿಕೆ ಮರದ ಹಾಗೆ ನಿಂತಿದಾನೆ!"

ಶ್ವೇತ ತನ್ನ ಚಪ್ಪಲಿಯನ್ನು ಅವರಿಗೆ ತೊಡಿಸಿ, ಬೆಂಚಿನಲ್ಲಿ ಕೂರಿಸಿ, ಕೈಗೆ ಚರುಮುರಿ ಕೊಟ್ಟು ಬಂದಳು. ನಾವಿಬ್ಬರೂ ನೀರಿನಿಂದ ದೂರವಾಗಿ ಒದ್ದೆ ಮರಳಿನ ಮೇಲೆ ನಡೆದೆವು. ತೆರೆಗಳ ಗದ್ದಲದಲ್ಲಿ ನಮ್ಮ ಮಾತು ಬೇರೆ ಯಾರಿಗೂ ಕೇಳುವಂತಿರಲಿಲ್ಲ. ಅದರಿಂದಲೇ ಧೈರ್ಯ ಬಂದಿರಬೇಕು.

"ನಿನಗೆ ಇಷ್ಟ ಇತ್ತಾ?"

"ಎಂತದ್ದು?"

"ಈ ಮದುವೆ."

ಅವಳು ನಿಂತು ಸೆರಗಿನ ನೀರು ಹಿಂಡಿದಳು.

"ಆವಾಗ ಗೊತ್ತಿರಲಿಲ್ಲ," ಎಂದಳು. "ಆಮೇಲೆ ನೀವು ಮಾತೇ ಆಡಲ್ಲ. ನಿಮಗೇ ಬೇಡವಾಗಿತ್ತೇನೋ ಅಂದ್ಕೊಂಡಿದ್ದೆ."

"ಅಯ್ಯೋ, ಇಲ್ಲ!"

ಅಷ್ಟೇ ನನ್ನಿಂದ ಹೇಳಲಾದದ್ದು. ಅವಳು ನನ್ನ ಮುಖವನ್ನು ಸರಿಯಾಗಿ ನೋಡಿದಳು. ಮತ್ತೆ ಸ್ವಲ್ಪ ದೂರ ನಡೆದೆವು.

"ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅಂತಾರೆ. ಅಳಿಯನೂ ಅತ್ತೆ ಮನೆ ಹೊಸ್ತಿಲು ತುಳಿಯಬಾರದಂತೆ," ಎಂದಳು, ನಗು ತಡೆದುಕೊಂಡು. "ಬಸ್ ಸ್ಟ್ಯಾಂಡಿಗೆ ಹೊಸ್ತಿಲು ಇಲ್ಲವಲ್ಲ. ಸಂತೆ ದಿನ ನಾನು ಅಮ್ಮನ ಜೊತೆ ಪೇಟೆಗೆ ಬರ್ತೀನಿ. ಬಾಳೆಹೊನ್ನೂರಲ್ಲಿ ನಿಮಗೆ ಎಂತ ಕೆಲಸವೂ ಇರಲ್ವಾ?"

"ಇರುತ್ತೆ," ಎಂದೆ. "ಪ್ರತಿ ಸಂತೆಗೂ ಇರುತ್ತೆ."