ಮಗ್ಗ ನಿಂತ ಮೇಲೆ

ಲಾಳಿಯಮ್ಮನಿಗೆ ಆ ಹೆಸರು ಬಿದ್ದದ್ದು ಗಿರಣಿಯಲ್ಲಿ. ಮಗ್ಗದ ಲಾಳಿಯ ಹಾಗೆ ಆಚೆ ಈಚೆ ಓಡುತ್ತಲೇ ಇರುತ್ತಾಳೆ ಎಂದು ಯಾರೋ ತಮಾಷೆಗೆ ಕರೆದರು. ಗಿರಣಿ ಮುಚ್ಚಿದರೂ ಹೆಸರು ಮಾತ್ರ ಉಳಿಯಿತು. ಈಗ ಆ ಗಿರಣಿಯ ಒಂದು ಮೂಲೆಗೆ ಸುಣ್ಣ ಬಳಿದು, ವಸ್ತುಸಂಗ್ರಹಾಲಯ ಎಂದು ಬೋರ್ಡು ತೂಗುಹಾಕಿದ್ದಾರೆ. ನೋಡಿಕೊಳ್ಳುವವನು ಅವಳ ಅಣ್ಣನ ಮಗ. ಒಮ್ಮೆ ಬಂದು ನೋಡಿ ಅತ್ತೆ ಎಂದು ತಿಂಗಳುಗಟ್ಟಲೆ ದುಂಬಾಲು ಬಿದ್ದಿದ್ದ. ನಿಮ್ಮಮ್ಮ ಬರುವುದಿಲ್ಲ ತಾನೇ ಎಂದು ಇವಳು ಕೇಳಿದಾಗಲೆಲ್ಲ ಇಲ್ಲ ಇಲ್ಲ ಎನ್ನುತ್ತಿದ್ದ. ಹಾಗೆನ್ನುವಾಗ ಅವನು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದದ್ದು ಇವಳ ಗಮನಕ್ಕೆ ಬರಬೇಕಿತ್ತು.

ಅವನ ಅಮ್ಮ ಎಂದರೆ ಲಾಳಿಯಮ್ಮನ ಅತ್ತಿಗೆ. ಇಬ್ಬರೂ ಎದುರುಬದುರು ಮಗ್ಗದಲ್ಲಿ ಅರ್ಧ ಆಯುಷ್ಯ ಕಳೆದವರು. ಗಿರಣಿ ಮುಚ್ಚಿದ ಮೇಲೆ ಅಣ್ಣ ಆಸ್ಪತ್ರೆ ಸೇರಿ, ವಾರಗಟ್ಟಲೆ ನರಳಿ ಕಣ್ಣು ಮುಚ್ಚಿದ. ಪಕ್ಕದ ಊರಿನಲ್ಲಿದ್ದ ತಂಗಿಗೆ ಅತ್ತಿಗೆ ಒಂದು ಮಾತು ಹೇಳಿಕಳಿಸಲಿಲ್ಲ. ಇವಳು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಯಾಕೆ ಕರೆಯಲಿಲ್ಲ ಎಂದು ಬಾಗಿಲಲ್ಲೇ ಕೇಳಿದಳು. ಅತ್ತಿಗೆ ತಲೆ ತಗ್ಗಿಸಿ ನಿಂತಳೇ ಹೊರತು ತುಟಿಪಿಟಕ್ಕೆನ್ನಲಿಲ್ಲ.

"ಇನ್ಮೇಲೆ ನಿಮ್ಮ ದನಿ ನನ್ನ ಕಿವಿಗೆ ಬೀಳಬಾರದು," ಎಂದು ಹೇಳಿ ಲಾಳಿಯಮ್ಮ ಬಂದ ಕಾಲಲ್ಲೇ ವಾಪಸು ಹೊರಟಳು. ಅಂದು ಮಾತು ಬಿಟ್ಟವಳು ಬಿಟ್ಟೇಬಿಟ್ಟಳು. ತೀರಾ ಹೇಳಲೇಬೇಕಾದದ್ದು ಬಂದರೆ ಸೋದರಳಿಯನ ಕೈಯಲ್ಲಿ, ನಿಮ್ಮಮ್ಮನಿಗೆ ಹೇಳು ಎಂದು ಹೇಳಿಸುತ್ತಿದ್ದಳು. ಹಟವೆಂದರೆ ಅಂಥಾ ಹಟ! ಆದರೆ ಯಾಕೆ ಕರೆಯಲಿಲ್ಲ ಎಂಬ ಪ್ರಶ್ನೆ ಮಾತ್ರ ಉಣ್ಣುವಾಗ, ಮಲಗುವಾಗ ಕುಟುಕುತ್ತಲೇ ಇತ್ತು. ಅದಕ್ಕೆ ಉತ್ತರ ಸಿಗದೆ ಸಾಯುವುದು ಅವಳಿಗೆ ಬೇಕಿರಲಿಲ್ಲ.

ಸಂಗ್ರಹಾಲಯದಲ್ಲಿ ಮೊದಲಿಗೆ ಗಾಜಿನ ಪೆಟ್ಟಿಗೆಗಳು. ನೂಲು ಕತ್ತರಿಸುವ ಕತ್ತರಿ, ಹಾಜರಿ ಬಿಲ್ಲೆ, ಯಾರದೋ ನೆಗ್ಗಿದ ಊಟದ ಡಬ್ಬಿ. ಇಂಥವು ನಮ್ಮ ಅಟ್ಟದ ಮೇಲೆ ಬೇಕಾದಷ್ಟಿವೆ, ಬೇಕಿದ್ದರೆ ಹೊತ್ತುಕೊಂಡು ಬಾ ಎಂದು ಅಳಿಯನನ್ನು ಛೇಡಿಸಿದಳು. ಒಳಕೋಣೆಗೆ ಕಾಲಿಟ್ಟರೆ ಅದೇ ಎಣ್ಣೆ ವಾಸನೆ, ನಡುವೆ ಒಂದೇ ಒಂದು ಮಗ್ಗ. ಅದರ ಆಚೆ ಬದಿಯ ಸ್ಟೂಲಿನ ಮೇಲೆ ಅತ್ತಿಗೆ ಕೂತಿದ್ದಳು.

ಲಾಳಿಯಮ್ಮ ಸರಕ್ಕನೆ ತಿರುಗಿದಳು. ಅತ್ತೆ ಹೊರಟೇಹೋಗುತ್ತಾಳೆಂಬ ಗಾಬರಿಗೆ ಅಳಿಯನಿಗೆ ಬೇರೇನೂ ತೋಚಲಿಲ್ಲ, ಮಗ್ಗದ ಸ್ವಿಚ್ಚು ಒತ್ತಿಬಿಟ್ಟ.

ಆ ಸದ್ದಿಗೆ ಅವಳ ಕಾಲು ತಾನಾಗಿ ನಿಂತಿತು. ನೂರಾರು ಮಗ್ಗ ಹೊಡೆದುಕೊಳ್ಳುವ ಕಡೆ ಯಾರ ದನಿ ಯಾರಿಗೆ ಕೇಳಬೇಕು? ನೇಯುವ ಹೆಂಗಸರು ದನಿ ಹೊರಡಿಸದೆ ಬರೀ ತುಟಿ ಆಡಿಸಿ ಮಾತಾಡುತ್ತಿದ್ದರು, ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಮದುವೆ, ಬಾಣಂತನ, ಮೇಸ್ತ್ರಿಯ ಗೇಲಿ ಎಲ್ಲವೂ ತುಟಿಮಾತಿನಲ್ಲೇ. ಈಗ ಅತ್ತಿಗೆ ಎದ್ದು ನಿಂತಿದ್ದಳು. ಹಲ್ಲುದುರಿ ತುಟಿ ಒಳಗೆ ಸೇರಿದ್ದರೂ ಅದು ಆಡಿದ್ದು ಲಾಳಿಯಮ್ಮನಿಗೆ ಸ್ಪಷ್ಟವಾಗಿ ತಿಳಿಯಿತು.

"ಕರೀಬೇಡ ಅಂದಿದ್ದು ನಿಮ್ಮಣ್ಣನೇ."

ಯಾಕೆ ಎಂದು ಇವಳ ತುಟಿ ಕೇಳಿತು. ತಾನು ಎಲುಬುಗೂಡಾಗಿ ಮಲಗಿದ್ದನ್ನು ತಂಗಿ ನೋಡಬಾರದೆಂದು ಅವನು ಹೆಂಡತಿಯ ಕೈಲಿ ಆಣೆ ಮಾಡಿಸಿಕೊಂಡಿದ್ದನಂತೆ. ಅವತ್ತೇ ಹೇಳಲು ಏನು ಧಾಡಿ ಎಂದು ಲಾಳಿಯಮ್ಮ ಸಿಟ್ಟಿನಿಂದಲೇ ಕೇಳಿದಳು.

"ಅಣ್ಣನೇ ಬೇಡ ಅಂದ ಅಂದ್ರೆ ನೀನು ತಡ್ಕೋತಿದ್ಯಾ? ಸಿಟ್ಟು ನನ್ನ ಮೇಲೇ ಇರ್ಲಿ ಅಂದ್ಕೊಂಡೆ. ಈಗ ವಯಸ್ಸಾಯ್ತು ಕಣೇ, ಹೊರೋಕಾಗಲ್ಲ."

ಲಾಳಿಯಮ್ಮ ಮಗ್ಗದ ಚೌಕಟ್ಟನ್ನು ಹಿಡಿದುಕೊಂಡಳು. ನಿಮ್ಮಣ್ಣ ಇನ್ನೂ ಒಂದು ಮಾತು ಹೇಳಿದ್ದರು ಎಂದು ಅತ್ತಿಗೆ ಶುರುಮಾಡಿದಳು. ಅಷ್ಟರಲ್ಲಿ ಹಳೇ ಮೋಟಾರು ಕಾದು ಸುಟ್ಟುಹೋದೀತೆಂದು ಅಳಿಯ ಸ್ವಿಚ್ಚು ಆರಿಸಿದ.

ಮಗ್ಗ ನಿಂತಿತು. ಅತ್ತಿಗೆ ಬಾಯಿ ಮುಚ್ಚಿಕೊಂಡಳು.

ಆಗಲೇ ಲಾಳಿಯಮ್ಮನಿಗೆ ಹೊಳೆದದ್ದು. ಇಷ್ಟು ವರ್ಷ ನೆಂಟರ ಮನೆಯಲ್ಲಾಗಲಿ, ಬೀದಿಯಲ್ಲಾಗಲಿ, ಅತ್ತಿಗೆಯ ದನಿ ಒಂದು ಸಲವೂ ತನ್ನ ಕಿವಿಗೆ ಬಿದ್ದಿರಲಿಲ್ಲ. ತಾನು ಸಿಟ್ಟಿನಲ್ಲಿ ಆಡಿದ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಳು. ಲಾಳಿಯಮ್ಮನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಏನೊಂದೂ ಅರ್ಥವಾಗದ ಅಳಿಯ, ಇನ್ನೊಮ್ಮೆ ಓಡಿಸಲಾ ಎಂದು ಕೇಳಿದ. ಬೇಡ ಎಂದಳು. ನಿಮ್ಮಮ್ಮನಿಗೆ ಹೇಳು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಮಗ್ಗವನ್ನು ಬಳಸಿ ಆಚೆ ಬದಿಗೆ ಹೋದಳು.

"ಹೇಳಿ ಅತ್ತಿಗೆ. ಬಾಯ್ಬಿಟ್ಟು ಹೇಳಿ."

ಅತ್ತಿಗೆಯ ದನಿ ಮೊದಲು ಹೊರಡಲಿಲ್ಲ. ಹೊರಟಾಗ ಒಡೆದುಹೋಗಿತ್ತು, ಗುರುತೇ ಸಿಗದಷ್ಟು ಮುದಿಯಾಗಿತ್ತು.

"ನಿಮ್ಮಣ್ಣ, ನಾನು ಹೋದ್ಮೇಲೆ ಅವಳು ಬಂದ ತಕ್ಷಣ ಮೊದ್ಲು ಊಟಕ್ಕೆ ಹಾಕು, ಹಸ್ಕೊಂಡು ಬಂದಿರ್ತಾಳೆ ಅಂದಿದ್ರು. ನಿನ್ನ ಪಾಲು ಎತ್ತಿಟ್ಟಿದ್ದೆ. ನೀನು ಬಾಗ್ಲಿಂದಾನೇ ಹೊರಟುಹೋದೆ."

ಲಾಳಿಯಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡಳು. ಈಗ ಮನೆಯಲ್ಲಿ ಏನಾದರೂ ಇದೆಯಾ ಎಂದು ಕೇಳಿದಳು. ಬೆಳಗ್ಗೆ ಮಾಡಿದ್ದು ಇದೆ, ಬಿಸಿ ಮಾಡಬೇಕು ಎಂದಳು ಅತ್ತಿಗೆ.

"ನಡೀರಿ ಹಾಗಾದ್ರೆ. ನಂಗೆ ಹಸಿವಾಗಿದೆ."